ನೆಲದ ಕ್ರಯವೂ ನೀರಿನ ಋಣವೂ

ಸ್ಥಾವರವೆಂದೂ ಜಂಗಮವೆಂದೂ ಎರಡು ಬಗೆಯಾಗಿ ಶಿವಶರಣರು ಲೋಕವನ್ನು ಕಂಡರು. ನಿಂತಲ್ಲಿಯೇ ನಿಂತು, ಒಡೆಯನೊಬ್ಬನ ಹೆಸರಿಗೆ ಒಳಗಾಗಿ, ಅಳತೆಗೂ ಬೆಲೆಗೂ ಸಿಕ್ಕತಕ್ಕದ್ದು ಸ್ಥಾವರ. ಚರಿಸುತ್ತ, ಒಂದು ಬಾಗಿಲಿನಿಂದ ಮತ್ತೊಂದು ಬಾಗಿಲಿಗೆ ನಡೆಯುತ್ತ, ಯಾರೊಬ್ಬರ ಸೊತ್ತೂ ಆಗದೆ ಎಲ್ಲರಿಂದಲೂ ಸೇವೆಗೊಳ್ಳತಕ್ಕದ್ದು ಜಂಗಮ. ದೇಗುಲ ಮತ್ತು ದೇಹಗಳ ವಿಷಯದಲ್ಲಿ ಈ ವಿವೇಕವನ್ನು ಸದ್ಭಕ್ತರು ಅನೇಕ ಸಲ ಕೇಳಿಬಲ್ಲರು. ಹೊಲಮನೆಗಳ ಕ್ರಯವಿಕ್ರಯದಲ್ಲಿ ಇದನ್ನು ಹಚ್ಚಿ ನೋಡುವವರು ಮಾತ್ರ ವಿರಳ.

ನೆಲವು ಸ್ಥಾವರವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಸರ್ವೆ ನಂಬರುಂಟು, ಪಹಣಿಯುಂಟು, ಕ್ರಯಪತ್ರದಲ್ಲಿ ಬರೆಸುವ ಚಕ್ಕುಬಂದಿಯುಂಟು, ಬದುವಿನ ಮೂಲೆಗೆ ನೆಟ್ಟ ಕಲ್ಲುಂಟು. ಅದರ ಅಡಿಯಲ್ಲಿರುವ ನೀರಿಗೆ ಇವುಗಳಲ್ಲಿ ಒಂದೂ ಇಲ್ಲ. ಮೇಲಿನ ಹೊಲದಲ್ಲಿ ಇಂಗಿದ ಮಳೆಯು ಕೆಳಗಿನ ಹೊಲದ ಬಾವಿಯಲ್ಲಿ ಜಿನುಗುವುದು. ಒಬ್ಬನ ತೋಟದ ಬಂಡೆಯ ಬಿರುಕಿನಲ್ಲಿ ನಡೆದ ನೀರು ಮೂರನೆಯವನ ಕೊಳವೆ ಬಾವಿಯಲ್ಲಿ ಮೇಲೇಳುವುದು. ಜಂಗಮವೆಂಬುದು ಅರಿವಿನ ಚರಮೂರ್ತಿ, ಅಷ್ಟಾವರಣಗಳಲ್ಲಿ ಒಂದು. ಹರಿಯುವ ನೀರಿಗೆ ಆ ಹೆಸರನ್ನಿಡುವುದು ತತ್ತ್ವವನ್ನು ಸಡಿಲಿಸಿದಂತಾಗಲಿಲ್ಲವೇ ಎಂದು ಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪವು ಸಾಧುವೇ ಆಗಿದೆ, ನೀರು ಜಂಗಮಲಿಂಗವಲ್ಲ. ಆದರೆ ಜಂಗಮವನ್ನು ತನ್ನೊಬ್ಬನ ಮನೆಯಲ್ಲಿಯೇ ಕೂಡಿಹಾಕಿಕೊಳ್ಳಹೊರಟವನು ಹೇಗೆ ಭಕ್ತನೆನಿಸನೋ, ಹಾಗೆಯೇ ಚರಿಸುವ ನೀರನ್ನು ಬೇಲಿಯೊಳಗೆ ಕೂಡಿಹಾಕಹೊರಟವನೂ ತನ್ನ ನಡೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡತಕ್ಕದ್ದು ಎಂಬಷ್ಟೇ ಇಲ್ಲಿಯ ಅಭಿಪ್ರಾಯ.

ಈ ವಿಚಾರಕ್ಕೆ ಕಾರಣವಿದೆ. ಪಟ್ಟಣಗಳ ಸುತ್ತಣ ಹಳ್ಳಿಗಳಲ್ಲಿ ಹೊಲವನ್ನು ಬಿತ್ತುವುದಕ್ಕಾಗಿ ಅಲ್ಲ, ನೀರೆತ್ತುವುದಕ್ಕಾಗಿಯೇ ಕೊಳ್ಳುವ ವ್ಯವಹಾರವೊಂದು ಬೆಳೆದಿದೆ. ಕೊಳ್ಳುವವನು ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಬಾವಿಯಲ್ಲಿ ಎಷ್ಟು ಅಂಗುಲ ನೀರು ಬರುವುದೆಂದು ಕೇಳುತ್ತಾನೆ. ಕ್ರಯವಾದ ತಿಂಗಳೊಳಗೆ ಬೇಲಿ ಬರುತ್ತದೆ, ಒಂದರ ಪಕ್ಕದಲ್ಲಿ ಒಂದಾಗಿ ಎರಡು ಮೂರು ಕೊಳವೆ ಬಾವಿಗಳು ಕೊರೆಯಲ್ಪಡುತ್ತವೆ, ತೊಟ್ಟಿಯೊಂದು ಏಳುತ್ತದೆ, ಆ ಮೇಲೆ ಹಗಲಿರುಳೆನ್ನದೆ ಟ್ಯಾಂಕರುಗಳು ಬಂದುಹೋಗುತ್ತವೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲಿ ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅದರ ಸಾಧಕ ಬಾಧಕಗಳನ್ನು ರಾಜಕಾರಣಿಗಳು ಚರ್ಚಿಸಲಿ. ಭಕ್ತನು ಕಾಣತಕ್ಕದ್ದು ಇಷ್ಟು: ಬಾಗಿಲು ತೆರೆದಿದೆ; ಒಳಹೋಗುವವನ ಕೈಯಲ್ಲಿ ನೇಗಿಲಿದೆಯೋ ಇಲ್ಲವೋ ಎಂದು ಇನ್ನು ಯಾರೂ ಕೇಳರು.

ಆಸೆಗೆ ಕಾರಣವೂ ಸಣ್ಣದಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ 13,900 ಸರಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿವೆಯೆಂದು ರಾಜ್ಯದ ಉಪಮುಖ್ಯಮಂತ್ರಿಗಳೇ ತಿಳಿಸಿದರು. ಟ್ಯಾಂಕರಿನವರು ಕೇಳಿದಷ್ಟು ಹಣವನ್ನು ಜನರು ಕೊಡಬೇಕಾಗಿ ಬಂದಾಗ, ನಗರ ಜಿಲ್ಲಾಡಳಿತವು ದರವನ್ನು ಗೊತ್ತುಪಡಿಸಿತು. ಐದು ಕಿಲೋಮೀಟರಿನೊಳಗೆ ಹನ್ನೆರಡು ಸಾವಿರ ಲೀಟರಿನ ಒಂದು ಟ್ಯಾಂಕರಿಗೆ ಒಂದು ಸಾವಿರ ರೂಪಾಯಿ. ದಿನಕ್ಕೆ ಹತ್ತು ಟ್ಯಾಂಕರು ತುಂಬಿಸಬಲ್ಲವನಿಗೆ ದಿನಕ್ಕೆ ಹತ್ತು ಸಾವಿರ ರೂಪಾಯಿ. ರಾಗಿ ಬೆಳೆದು ವರ್ಷವಿಡೀ ಮಳೆಯ ದಾರಿ ಕಾಯುವ ಒಕ್ಕಲಿಗೆ ಈ ಲೆಕ್ಕವನ್ನು ಹೇಳಿ, ಆಸೆಪಡಬೇಡವೆಂದು ಉಪದೇಶಿಸುವುದು ಸುಲಭದ ಕೆಲಸವಲ್ಲ. ಹೊಟ್ಟೆ ತುಂಬಿದವರ ಬಾಯಿಂದ ಬಂದರಂತೂ ಅದು ಉಪದೇಶವೇ ಅಲ್ಲ.

ಹೀಗೆ ಕೊಂಡವನನ್ನು ಕೇಳಿದರೆ ಅವನಲ್ಲಿ ಉತ್ತರವು ಸಿದ್ಧವಾಗಿರುತ್ತದೆ. ಹಣ ಕೊಟ್ಟಿದ್ದೇನೆ, ಪತ್ರ ನೋಂದಣಿಯಾಗಿದೆ, ನನ್ನ ನೆಲದಲ್ಲಿ ನಾನು ಕೊರೆದಿದ್ದೇನೆ, ಯಾರ ಹೊಲಕ್ಕೂ ಕಾಲಿಟ್ಟಿಲ್ಲ ಎಂದು ಅವನು ಹೇಳುವನು. ಈ ಉತ್ತರವನ್ನು ಹಗುರಾಗಿ ತಳ್ಳಿಹಾಕಲಾಗದು. ನಾಡಿನ ಹಳೆಯ ಶಾಸನಗಳನ್ನು ಓದಿದವರು ಬಲ್ಲರು: ಭೂಮಿಯನ್ನು ದಾನವಾಗಿ ಕೊಡುವಾಗ ಅಷ್ಟಭೋಗಗಳನ್ನು ಸೇರಿಸಿಯೇ ಕೊಡುತ್ತಿದ್ದರು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಆ ಎಂಟರಲ್ಲಿ ಜಲವೂ ಒಂದು. ಅನಂತರ ಬಂದ ಆಂಗ್ಲ ಸರಕಾರದ 1882ರ ಈಸ್‌ಮೆಂಟ್ ಕಾಯ್ದೆಯೂ ಇದೇ ದಾರಿಯಲ್ಲಿ ನಡೆಯಿತು. ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿಯಲ್ಲಿರುವ ನೀರನ್ನು ತನ್ನ ಎಲ್ಲೆಯೊಳಗೆ ಎತ್ತಿಕೊಳ್ಳುವ ಹಕ್ಕು ನೆಲದೊಡೆಯನದೆಂದು ಆ ಕಾಯ್ದೆ ಒಪ್ಪಿತು. ನೀರನ್ನು ಬೇರೆಯಾಗಿ ಕೊಳ್ಳುವ ಪದ್ಧತಿ ಇಲ್ಲಿ ಇಲ್ಲ. ನೀರು ಬೇಕಾದವನು ನೆಲವನ್ನು ಕೊಂಡರೆ ಸಾಕು.

ಆದರೆ ಶಾಸನ ಬರೆಸಿದವನ ಕಾಲದಲ್ಲಿ ನೀರೆತ್ತುವ ಸಾಧನ ಯಾವುದೆಂಬುದನ್ನು ಮರೆಯಲಾಗದು. ಏತವನ್ನು ತುಳಿಯುವವನ ಕಾಲು ದಣಿಯುತ್ತಿತ್ತು, ಕಪಿಲೆಯನ್ನು ಎಳೆಯುವ ಎತ್ತು ಹೊತ್ತೇರಿದಾಗ ನಿಲ್ಲುತ್ತಿತ್ತು. ಆ ದಣಿವೇ ನೆರೆಯವನ ಬಾವಿಗೆ ಕಾವಲಾಗಿತ್ತು. ಎಷ್ಟು ಎತ್ತಬಹುದೆಂದು ಶಾಸನದಲ್ಲಿ ಬರೆಯಬೇಕಾದ ಅಗತ್ಯವೇ ಇರಲಿಲ್ಲ. ವಿದ್ಯುತ್ತಿನ ಪಂಪಿಗೆ ದಣಿವಿಲ್ಲ. ಸಾವಿರ ಅಡಿಯ ಆಳದಿಂದಲೂ ಅದು ಎತ್ತಬಲ್ಲದು. ಅಂದಮೇಲೆ ಅಂದಿನ ಮಾತನ್ನು ಇಂದಿನ ಯಂತ್ರಕ್ಕೆ ಹೊದಿಸಿ, ಹಿರಿಯರು ಒಪ್ಪಿದ್ದರೆಂದು ಹೇಳುವುದು ಹಿರಿಯರಿಗೆ ಮಾಡುವ ಅನ್ಯಾಯ.

1882ರ ಕಾಯ್ದೆಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ 1843ರಲ್ಲಿಯೇ ನ್ಯಾಯಾಲಯವೊಂದು, ಕಲ್ಲಿದ್ದಲ ಗಣಿ ತೋಡಿದವನಿಂದ ತನ್ನ ಬಾವಿ ಬತ್ತಿತೆಂದು ದೂರಿದ ಗಿರಣಿಯವನಿಗೆ ಪರಿಹಾರವಿಲ್ಲವೆಂದು ತೀರ್ಪಿತ್ತಿತ್ತು. ಅದೇ ನ್ಯಾಯವು ಕಡಲು ದಾಟಿ ಅಮೆರಿಕೆಗೂ ಹೋಯಿತು. ಅಲ್ಲಿಯ ಟೆಕ್ಸಸ್ ಸೀಮೆಯ ಡೆನಿಸನ್ ಎಂಬ ಊರಿನಲ್ಲಿ ನಡೆದ ವ್ಯಾಜ್ಯವು ಇಲ್ಲಿಯ ಗೃಹಸ್ಥರಿಗೂ ಮನನಯೋಗ್ಯವಾಗಿದೆ. ಆ ಊರಿನ ರೈಲು ಕಂಪನಿಗೆ ತನ್ನ ಎಂಜಿನುಗಳಿಗೂ ಕಾರ್ಖಾನೆಗೂ ನೀರು ಬೇಕಾಗಿತ್ತು. ಅದು ನೆಲವನ್ನು ಕೊಂಡು, ಇಪ್ಪತ್ತು ಅಡಿ ಅಗಲ, ಅರವತ್ತಾರು ಅಡಿ ಆಳದ ಬಾವಿಯನ್ನು ತೋಡಿಸಿ, ದಿನಕ್ಕೆ ಇಪ್ಪತ್ತೈದು ಸಾವಿರ ಗ್ಯಾಲನ್ ಎತ್ತತೊಡಗಿತು. ಪಕ್ಕದಲ್ಲಿ ಗೃಹಸ್ಥನೊಬ್ಬನ ಮನೆಯಿತ್ತು. ಅವನ ಬಾವಿಯ ಅಗಲ ಐದು ಅಡಿ, ಆಳ ಮೂವತ್ತಮೂರು ಅಡಿ. ಮನೆಯ ಬಳಕೆಗಾಗಿ ತೋಡಿಸಿದ್ದು. ಅದು ಬತ್ತಿಹೋಯಿತು. ಅವನು ನ್ಯಾಯಾಲಯದ ಮೆಟ್ಟಿಲೇರಿದನು. 1904ರಲ್ಲಿ ಆ ಸೀಮೆಯ ಅತ್ಯುಚ್ಚ ನ್ಯಾಯಾಲಯವು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ನೆಲದಡಿಯ ನೀರಿನ ನಡೆಯು ಗುಪ್ತವಾದದ್ದು, ಅದನ್ನು ಅರಿಯುವುದಾಗಲಿ ಅದಕ್ಕೆ ನಿಯಮ ಕಟ್ಟುವುದಾಗಲಿ ಮನುಷ್ಯನಿಗೆ ಸಾಧ್ಯವಿಲ್ಲ ಎಂಬುದು ಆ ತೀರ್ಪಿನ ಆಧಾರಗಳಲ್ಲಿ ಒಂದು. ಯಾರ ಬಾವಿ ಆಳವೋ ನೀರು ಅವನದು ಎಂದಂತಾಯಿತು. ಅಷ್ಟಕ್ಕೂ ಅಂದು ಆ ಕಂಪನಿ ದಿನಕ್ಕೆ ಎತ್ತಿದ ನೀರು ಈಗಿನ ಲೆಕ್ಕದಲ್ಲಿ ಎಂಟು ಟ್ಯಾಂಕರುಗಳಷ್ಟು ಮಾತ್ರ. ಇಂದು ಹಳ್ಳಿಯ ಒಬ್ಬ ವರ್ತಕನು ರೈಲು ಕಂಪನಿಯನ್ನು ಮೀರಿಸಬಲ್ಲ.

ನೀರಿನ ನಡೆ ಗುಪ್ತವೆಂಬ ಮಾತು 1904ರಲ್ಲಿ ಸಲ್ಲುತ್ತಿತ್ತೋ ಏನೋ. ಈಗ ಸಲ್ಲದು. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ನೆಲವು ಕರಿಗಲ್ಲಿನ ನೆಲ. ಮೇಲೆ ಶಿಥಿಲವಾದ ಕಲ್ಲಿನ ಪದರ, ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕುಗಳು. ಆ ಪದರದಲ್ಲಿಯೂ ಬಿರುಕುಗಳಲ್ಲಿಯೂ ನಿಂತಷ್ಟೇ ನೀರು. ಅಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆಯೆಂದು ಹಿಡಿದರೆ, ಒಂದೆಕರೆಯ ಮೇಲೆ ಬೀಳುವ ನೀರು ಇಪ್ಪತ್ತೆಂಟು ಲಕ್ಷ ಲೀಟರು. ಇದರಲ್ಲಿ ಬಹುಭಾಗ ಆವಿಯಾಗುವುದು, ಬೆಳೆ ಕುಡಿಯುವುದು, ಹರಿದುಹೋಗುವುದು. ಇಂತಹ ಕಲ್ಲುನೆಲದಲ್ಲಿ ಆಳಕ್ಕೆ ಇಂಗುವುದು ಹೆಚ್ಚೆಂದರೆ ಹತ್ತರಲ್ಲೊಂದು ಪಾಲು. ಎರಡು ಲಕ್ಷದ ಎಂಬತ್ತು ಸಾವಿರ ಲೀಟರು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿಗೆ ಅದನ್ನು ತುಂಬಿದರೆ ಇಪ್ಪತ್ತಮೂರು ಟ್ಯಾಂಕರು. ವರ್ಷಕ್ಕೆ ಇಪ್ಪತ್ತಮೂರು! ದಿನಕ್ಕೆ ಹತ್ತು ಟ್ಯಾಂಕರು ಮಾರುವವನು ಒಂದೆಕರೆಯ ಪಾಲನ್ನು ಎರಡೂವರೆ ದಿನ ತುಂಬುವುದರೊಳಗೆ ಮುಗಿಸುತ್ತಾನೆ. ನಾಲ್ಕೆಕರೆ ಕೊಂಡಿದ್ದರೆ ಒಂಬತ್ತು ದಿನ ಬಂದೀತು. ವರ್ಷದ ಉಳಿದ ದಿನಗಳಲ್ಲಿ ಅವನು ತುಂಬಿಸಿ ಕಳುಹಿಸುವ ನೀರು ಯಾರ ಮಳೆಯದು?

ಉತ್ತರವು ಬಾವಿಯಲ್ಲಿಯೇ ಇದೆ. ಪಂಪು ನಡೆದಷ್ಟು ಹೊತ್ತೂ ಅದರ ಸುತ್ತಣ ನೀರಿನ ಮಟ್ಟವು ಬಾಣಲೆಯಂತೆ ತಗ್ಗಾಗಿ, ನಾಲ್ಕು ದಿಕ್ಕಿನಿಂದಲೂ ನೀರು ಆ ತಗ್ಗಿಗೆ ಇಳಿಯುತ್ತದೆ. ಹೀಗೆ ಇಳಿಯುವಾಗ ಅದು ಬದುವಿನ ಕಲ್ಲನ್ನು ಕೇಳಿ ಇಳಿಯುವುದಿಲ್ಲ. ನೆರೆಯವನ ಮುನ್ನೂರು ಅಡಿಯ ಬಾವಿ ಮೊದಲು ಮಣ್ಣುನೀರು ಕೊಟ್ಟು, ಆಮೇಲೆ ಗಾಳಿ ಕೊಟ್ಟು, ಕಡೆಗೆ ಮೌನವಾಗುತ್ತದೆ. ಅವನು ಸಾಲ ಮಾಡಿ ಆರುನೂರು ಅಡಿ ಕೊರೆಸುತ್ತಾನೆ. ಬರಿಯ ಧೂಳು ಬಂದರೆ ಸಾಲವಷ್ಟೇ ಉಳಿಯಿತು. ಇಷ್ಟೆಲ್ಲ ಆದರೂ ಅವನ ಹೊಲಕ್ಕೆ ಯಾರೂ ಕಾಲಿಟ್ಟಿಲ್ಲವೆಂಬುದು ನಿಜವೇ.

ಪರಧನವನ್ನು ಬಯಸೆನೆಂಬುದು ಶರಣರ ವ್ರತಗಳಲ್ಲಿ ಮೊದಲ ಸಾಲಿನದು. ಲಿಂಗವನ್ನು ಧರಿಸಿದ ಕೈ ಅನ್ಯರ ಒಡವೆಗೆ ಚಾಚಲಾಗದೆಂಬುದನ್ನು ಬಾಲಕನೂ ಬಲ್ಲ. ಆದರೆ ಪರಧನವೆಂದರೆ ಪೆಟ್ಟಿಗೆಯಲ್ಲಿಟ್ಟ ಹೊನ್ನು, ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಎಂದಷ್ಟೇ ತಿಳಿದು, ಕಣ್ಣಿಗೆ ಕಾಣದೆ ಬರುವುದನ್ನು ಪರಧನವಲ್ಲವೆಂದು ಎಣಿಸುವ ಅಭ್ಯಾಸ ಗೃಹಸ್ಥರಲ್ಲಿ ಬೆಳೆದಿದೆ. ಕಳ್ಳನಿಗೆ ಕತ್ತಲೆ ಬೇಕು; ಈ ವ್ಯವಹಾರದಲ್ಲಿ ಆ ಕತ್ತಲೆಯನ್ನು ನೆಲವೇ ಒದಗಿಸುತ್ತದೆ. ಮುಂಜಾನೆ ಇಷ್ಟಲಿಂಗದ ಮಜ್ಜನಕ್ಕೆ ಭಕ್ತನು ಒಂದು ಗಿಂಡಿ ಉದಕವನ್ನು ಎರೆಯುತ್ತಾನೆ. ಭವಿಯ ಮುಟ್ಟು ತಾಗಿತೋ ಎಂದು ಹಿಂದಿನವರು ಚಿಂತಿಸುತ್ತಿದ್ದರು. ಇಂದು ಚಿಂತಿಸತಕ್ಕದ್ದು ಬೇರೊಂದು: ಆ ಗಿಂಡಿಯ ನೀರು ಹಿಂದಿನ ದಿನ ಯಾರ ಬಾವಿಯ ತಳದಲ್ಲಿತ್ತು? ಅಂತಹ ಉದಕವನ್ನು ಪಾದೋದಕವೆಂದು ಸ್ವೀಕರಿಸುವಾಗ ನಾಲಗೆ ಏನನ್ನು ಸವಿಯುತ್ತದೆ?

ಆಯ್ದಕ್ಕಿಯ ಮಾರಯ್ಯ, ಲಕ್ಕಮ್ಮಗಳ ಕಥೆ ಎಲ್ಲರಿಗೂ ಗೊತ್ತು. ಗೊತ್ತಿದೆಯೆಂಬ ಕಾರಣದಿಂದಲೇ ಅದರ ಒಂದು ಅಂಶ ಕಣ್ಣಿಗೆ ಬೀಳದೆ ಹೋಗುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳಲೊಪ್ಪದೆ, ಹೆಚ್ಚಿನದನ್ನು ಹೋಗಿ ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ಹೇಳಿದಳು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಮಾರಯ್ಯನು ಕದ್ದಿರಲಿಲ್ಲ. ಅಕ್ಕಿಯು ನೆಲದ ಮೇಲೆ ಬಿದ್ದಿತ್ತು. ಆಯುವ ಹಕ್ಕು ಅವನಿಗಿತ್ತು. ತಡೆಯುವವರು ಯಾರೂ ಇರಲಿಲ್ಲ. ನ್ಯಾಯಸ್ಥಾನದಲ್ಲಿ ನಿಂತರೆ ಅವನು ಗೆಲ್ಲುತ್ತಿದ್ದನು. ಆದರೂ ಲಕ್ಕಮ್ಮನ ತಕ್ಕಡಿಯಲ್ಲಿ ಅವನು ಸೋತನು. ಅವಳು ಹಕ್ಕನ್ನು ಅಳೆಯಲಿಲ್ಲ. ದಿನಕ್ಕೆ ಸಲ್ಲುವುದೆಷ್ಟು ಎಂಬುದನ್ನು ಅಳೆದಳು. ಮಳೆಯಿಂದ ಒಂದೆಕರೆಗೆ ವರ್ಷಕ್ಕೆ ಇಳಿಯುವ ಇಪ್ಪತ್ತಮೂರು ಟ್ಯಾಂಕರು ಆ ದಿನದ ಅಕ್ಕಿ. ಅದಕ್ಕಿಂತ ಹೆಚ್ಚು ಬಂದರೆ ಅದು ಇನ್ನಾರದೋ ಅಂಗಳದ್ದು. ಲಕ್ಕಮ್ಮನಿಗೆ ಕಲ್ಲಿನ ಬಿರುಕುಗಳ ಶಾಸ್ತ್ರವು ತಿಳಿದಿರಲಿಲ್ಲ. ಆದರೆ ಅಕ್ಕಿ ಹೆಚ್ಚಾದುದನ್ನು ಬಾಗಿಲಲ್ಲಿ ನಿಂತೇ ಕಂಡಳು.

ನೀರಿನ ವಿಷಯಕ್ಕೆ ಇನ್ನೂ ಹತ್ತಿರವಾದವರು ಸೊನ್ನಲಿಗೆಯ ಸಿದ್ಧರಾಮರು. ಇಂದಿನ ಸೋಲಾಪುರವೇ ಆ ಸೊನ್ನಲಿಗೆ. ಅಲ್ಲಿ ಅವರು ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು, ಅವರನ್ನು ಒಡ್ಡರ ರಾಮನೆಂದು ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪ್ರಭುಗಳಿಗೆ ಕೆರೆಯ ಮೇಲೆ ಕೋಪವಿತ್ತೆಂದು ತಿಳಿಯುವವರು ಆ ಪ್ರಸಂಗವನ್ನು ಅರ್ಧ ಮಾತ್ರ ಓದಿದವರು. ಕೆರೆ ಉಳಿಯಿತು, ಇಂದಿಗೂ ಸೋಲಾಪುರದ ನಡುವೆ ನೀರಿನಲ್ಲಿ ಸಿದ್ಧೇಶ್ವರನ ಗುಡಿ ನಿಂತಿದೆ. ಹೋದದ್ದು, ತಾನು ತೋಡಿಸಿದೆನೆಂಬ ಭಾವ. ಊರಿಗೆಲ್ಲ ನೀರು ಕೊಡತಕ್ಕ ಕೆರೆಯನ್ನು ತೋಡಿಸಿದ ಮಹಾತ್ಮನಲ್ಲಿಯೇ 'ನನ್ನದು' ಎಂಬುದರ ಎಳೆಯನ್ನು ಪ್ರಭುಗಳು ಸಹಿಸಲಿಲ್ಲವೆಂದರೆ, ಊರಿನ ನೀರನ್ನೆಲ್ಲ ಎಳೆದು ಮಾರುವವನು ಅವರ ಮುಂದೆ ಹೇಗೆ ನಿಂತಾನು?

ಇಲ್ಲಿ ಒಂದು ಕಟುವಾದ ಮಾತನ್ನು ಆಡದೆ ಗತ್ಯಂತರವಿಲ್ಲ. ಬೇಸಿಗೆ ಬಂದಾಗ ರಸ್ತೆಯ ಬದಿಯಲ್ಲಿ ಅರವಟ್ಟಿಗೆಗಳೇಳುತ್ತವೆ. ದಾರಿಗರಿಗೆ ನೀರು ಕೊಡುವುದು ಪುಣ್ಯದ ಕೆಲಸವೇ ಸರಿ. ಆದರೆ ವರ್ಷವಿಡೀ ನೀರನ್ನು ಮಾರಿ, ನೆರೆಯ ಹತ್ತು ಬಾವಿಗಳನ್ನು ಬತ್ತಿಸಿ, ಆ ಹಣದಲ್ಲಿ ಎರಡು ತಿಂಗಳು ಅರವಟ್ಟಿಗೆ ನಡೆಸಿ, ಜಾತ್ರೆಯ ದಾಸೋಹಕ್ಕೆ ಅಕ್ಕಿಯ ಮೂಟೆಗಳನ್ನು ಕಳುಹಿಸುವವರೂ ಉಂಟು. ಕಾಯಕದಿಂದ ಬಂದುದು ಮಾತ್ರ ದಾಸೋಹಕ್ಕೆ ಸಲ್ಲುವುದು ಎಂಬುದು ಶರಣಧರ್ಮದ ಮೂಲಸೂತ್ರ. ಗುಂಡಿ ಒತ್ತಿ ನೆರೆಯವನ ನೀರನ್ನು ಎಳೆಯುವುದು ಯಾವ ಕಾಯಕ? ಆ ಅಕ್ಕಿಯನ್ನು ಸ್ವೀಕರಿಸುವವರೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಮಠಗಳು ಈ ವಿಚಾರಕ್ಕೆ ಹೊರತಾಗಿ ನಿಲ್ಲಲಾರವು. ಮಠಗಳಿಗೂ ಹೊಲಗಳಿವೆ, ಕೊಳವೆ ಬಾವಿಗಳಿವೆ, ವಿದ್ಯಾರ್ಥಿನಿಲಯಗಳಿಗೆ ನೀರು ಬೇಕು. ಮಠದ ಬಾವಿಯ ಆಳವೆಷ್ಟು, ಅದು ಕೊರೆದ ಮೇಲೆ ಪಕ್ಕದ ಒಕ್ಕಲಿನ ಬಾವಿ ಏನಾಯಿತು ಎಂಬುದನ್ನು ವಿಚಾರಿಸಿ ತಿಳಿಯುವುದು ಭಕ್ತರ ಅಧಿಕಾರವೂ ಹೌದು, ಗಣಾಚಾರವೂ ಹೌದು.

ಮಾರುವವನ ಕಡೆಗೆ ತಿರುಗಿದರೆ ಮಾತು ಮೆತ್ತಗಾಗಬೇಕು. ಬಾವಿಗಳು ವಿಫಲವಾಗಿ, ಸಾಲವು ತಲೆಗೇರಿ, ಮಗಳ ಲಗ್ನವು ಹತ್ತಿರವಾದವನು ಒಳ್ಳೆಯ ಬೆಲೆ ಬಂದಾಗ ಮಾರದೆ ಏನು ಮಾಡುವನು? ಅವನನ್ನು ನಿಂದಿಸುವವರು ಮೊದಲು ಅವನ ಸಾಲವನ್ನು ತೀರಿಸಿ ಬಂದು ನಿಂದಿಸಲಿ. ಆದರೂ ಅವನು ತಿಳಿದಿರಬೇಕಾದುದೊಂದುಂಟು. ಬಂದ ಹೆಚ್ಚಿನ ಬೆಲೆಯು ಅವನ ಮಣ್ಣಿಗಲ್ಲ, ನೆರೆಹೊರೆಯ ನೀರಿಗೆ. ಕ್ರಯಪತ್ರಕ್ಕೆ ರುಜು ಹಾಕುವ ಹೊತ್ತಿನಲ್ಲಿ ಆ ನೆರೆಯವರು ಅಲ್ಲಿರುವುದಿಲ್ಲ. ಹೊಲ ಮಾರುವ ಮೊದಲು ದಾಯಾದಿಗಳನ್ನೂ ಪಕ್ಕದ ಹೊಲದವನನ್ನೂ ಕೇಳುವ ವಾಡಿಕೆಯು ಹಳ್ಳಿಗಳಲ್ಲಿತ್ತು. ಅದು ಬರಿಯ ಮರ್ಯಾದೆಯ ಮಾತೆಂದು ಈಗ ಬಿಟ್ಟಿದ್ದಾರೆ.

ನೆರೆಯವರನ್ನು ಕೇಳದೆ ಹೊಲಗಳು ಒಂದೊಂದಾಗಿ ನೀರಿಗಾಗಿ ಮಾರಾಟವಾದರೆ ಕಡೆಗೆ ಏನಾಗುವುದೆಂಬುದನ್ನು ಅಮೆರಿಕೆಯ ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆ ತೋರಿಸಿತು. ದೂರದ ಲಾಸ್ ಏಂಜಲೀಸ್ ನಗರವು 1905ರಿಂದ ಆ ಕಣಿವೆಯ ಹೊಲಗಳನ್ನು ಕೊಳ್ಳತೊಡಗಿತು. ನಗರದ ಮಾಜಿ ಮೇಯರೊಬ್ಬನು ಮುಂದೆ ನಿಂತು ಕ್ರಯ ಮಾಡಿಕೊಂಡನು. ಕೊಳ್ಳುವುದು ನಗರದ ನೀರಿಗಾಗಿ ಎಂಬುದು ಮಾರಿದ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. 1913ರಲ್ಲಿ ಕಾಲುವೆಯು ಪೂರ್ಣವಾಗಿ, ಇನ್ನೂರು ಮೂವತ್ತಕ್ಕೂ ಹೆಚ್ಚು ಮೈಲು ದೂರ ನೀರು ಹರಿಯಿತು. ಮುಂದಿನ ದಶಕದಲ್ಲಿ ನಗರವು ಮತ್ತಷ್ಟು ಹೊಲಗಳನ್ನೂ ಅವುಗಳ ನೀರನ್ನೂ ಕೊಂಡಿತು. ಮಾರಿದವರು ಹಣ ಪಡೆದು ಊರುಬಿಟ್ಟರು. ಏನನ್ನೂ ಮಾರದಿದ್ದ ಅಂಗಡಿಕಾರರು ಗಿರಾಕಿಗಳಿಲ್ಲದೆ ಕುಳಿತರು. ಕಡೆಗೆ ಅವರ ಅಂಗಡಿ ಮನೆಗಳನ್ನೂ ನಗರವೇ ಕೊಳ್ಳಬೇಕಾಯಿತು. ಕಣಿವೆಯ ದೊಡ್ಡ ಸರೋವರವು 1920ರ ದಶಕದಲ್ಲಿ ಒಣಗಿ, ಅದರ ತಳದ ಧೂಳು ಜನರ ಉಸಿರಿಗೆ ಕಂಟಕವಾಯಿತು. ಇದರಲ್ಲಿ ಪ್ರತಿಯೊಂದು ಕ್ರಯವೂ ಬಿಡಿಯಾಗಿ ನೋಡಿದರೆ ನ್ಯಾಯವಾದದ್ದೇ. ಆ ಸರೋವರದ ತಳದ ಧೂಳನ್ನು ಅಡಗಿಸಲು ಅದೇ ನಗರವು ಈ ಶತಮಾನದಲ್ಲಿ ಅಪಾರ ಹಣವನ್ನು ವ್ಯಯಿಸಿ ಅಲ್ಲಿಗೆ ನೀರು ಬಿಡಬೇಕಾಗಿ ಬಂದಿದೆ.

ಕಾಯ್ದೆಯು ಇದನ್ನೆಲ್ಲ ತಡೆಯದೇ ಎಂದು ಕೇಳುವವರುಂಟು. ಸ್ವಲ್ಪ ತಡೆಯುತ್ತದೆ. ಕರ್ನಾಟಕದ 1999ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ ಐನೂರು ಮೀಟರಿನೊಳಗೆ ಅಪ್ಪಣೆಯಿಲ್ಲದೆ ಕೊರೆಯಲಾಗದು. 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಯುವುದಕ್ಕೆ ಮುನ್ನ ಅನುಮತಿ ಬೇಕೆಂದು ವಿಧಿಸಿತು. ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದಲ್ಲಿ ತಂಪುಪಾನೀಯದ ಕಾರ್ಖಾನೆಯೊಂದು 2000ದಲ್ಲಿ ನೆಲ ಕೊಂಡು ನೀರೆತ್ತತೊಡಗಿದಾಗ, ಅಲ್ಲಿಯ ಪಂಚಾಯಿತಿಯು 2003ರಲ್ಲಿ ಪರವಾನಗಿಯನ್ನು ನಿರಾಕರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿಗಳು, ಅಂತರ್ಜಲವು ಜನರೆಲ್ಲರ ಸೊತ್ತು, ಸರಕಾರವು ಅದರ ಪಾಲಕ ಮಾತ್ರ ಎಂದರು. 2005ರಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು ನೆಲದೊಡೆಯನ ಹಕ್ಕನ್ನು ಎತ್ತಿಹಿಡಿದು ಆ ತೀರ್ಪನ್ನು ಬದಲಿಸಿತು. ಕಾರ್ಖಾನೆಯು 2004ರಲ್ಲಿಯೇ ನಿಂತುಹೋಗಿತ್ತು, ಮತ್ತೆ ತೆರೆಯಲಿಲ್ಲ. ಆದರೆ ಅದು ನ್ಯಾಯದ ಬಲದಿಂದ ನಿಂತುದಕ್ಕಿಂತ ಊರಿನವರ, ಅದರಲ್ಲಿಯೂ ಹೆಂಗಸರ, ಹಟದಿಂದ ನಿಂತುದು. ನ್ಯಾಯಸ್ಥಾನಗಳೇ ಎರಡು ಬಗೆಯಾಗಿ ನುಡಿಯುವಾಗ ಭಕ್ತನು ತನ್ನ ಆಚಾರವನ್ನು ಅವುಗಳ ಮೇಲೆ ಹೊರಿಸಿ ಸುಮ್ಮನಿರಲಾಗದು. ಸದಾಚಾರವೆಂಬುದು ಕಾಯ್ದೆ ಮುಗಿದಲ್ಲಿ ತೊಡಗುವಂಥದು.

ಹಾಗಾದರೆ ಹೊಲವನ್ನೇ ಕೊಳ್ಳಬಾರದೇ, ಬಾವಿಯನ್ನೇ ತೋಡಬಾರದೇ? ಹಾಗೆ ಯಾವ ಶರಣರೂ ಹೇಳಲಿಲ್ಲ. ಒಕ್ಕಲುತನವೂ ಕಾಯಕವೇ. ಕೊಂಡ ಹೊಲದಲ್ಲಿ ತಾನೂ ಬೆಳೆದು, ತನ್ನ ನೆಲದ ಮೇಲೆ ಬಿದ್ದ ಮಳೆಯನ್ನು ಕೃಷಿಹೊಂಡದಲ್ಲಿಯೋ ಒಡ್ಡಿನಲ್ಲಿಯೋ ನಿಲ್ಲಿಸಿ ಇಂಗಿಸಿ, ಇಂಗಿದಷ್ಟರಲ್ಲಿ ಬಾಳುವವನ ಬಾವಿಯಿಂದ ಯಾರಿಗೂ ಕೇಡಿಲ್ಲ. ನೀರಿಲ್ಲದ ನೆರೆಯವನಿಗೆ ಬೇಸಿಗೆಯಲ್ಲಿ ಒಂದು ಪಾತಿಗೆ ನೀರು ಬಿಟ್ಟು, ಕೂಲಿಯನ್ನೋ ಧಾನ್ಯವನ್ನೋ ಪಡೆದರೂ ದೋಷವಿಲ್ಲ; ಆ ನೀರು ಅದೇ ಊರಿನ ನೆಲಕ್ಕೆ ಬಿದ್ದಿತು. ಊರಾಚೆಗೆ ಹೊತ್ತುಕೊಂಡು ಹೋಗುವ ಟ್ಯಾಂಕರಿನದು ಬೇರೆ ಮಾತು. ಪಟ್ಟಣದವರ ಬಾಯಾರಿಕೆಯೂ ಬಾಯಾರಿಕೆಯೇ ಅಲ್ಲವೇ ಎಂದರೆ, ಅಹುದು. ಅದಕ್ಕೆ ಊರು ಊರಾಗಿ ಕೂಡಿ, ಎಷ್ಟು ಕೊಡಬಹುದೆಂದು ಅಳೆದು ಕೊಡಲಿ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಬರುತ್ತಿದೆ. ಅದರ ಗುಣಾವಗುಣಗಳ ಚರ್ಚೆ ಮುಗಿದಿಲ್ಲವಾದರೂ, ಪಟ್ಟಣವು ಹಳ್ಳಿಗೆ ನೀರನ್ನು ಹಿಂದಿರುಗಿಸುವುದೂ ಸಾಧ್ಯವೆಂಬುದನ್ನು ಜನರು ಕಣ್ಣಾರೆ ಕಂಡರು.

ಹೀಗೆ ಕೂಡಿ ಅಳೆಯುವುದು ಕಲ್ಪನೆಯ ಮಾತಲ್ಲ. ಹಿಂದೆ ಕೆರೆಯ ಕೆಳಗಿನ ಗದ್ದೆಗಳಿಗೆ ನೀರುಗಂಟಿಯು ಅಳೆದು ಬಿಡುತ್ತಿದ್ದನು. ತೂಬಿನ ಬಳಿಯ ಶ್ರೀಮಂತನಿಗೂ ಕೊನೆಯ ಗದ್ದೆಯ ಬಡವನಿಗೂ ಅವನದೇ ಮಾತು. ನೆಲದಡಿಯ ನೀರಿಗೆ ಅಂತಹ ನೀರುಗಂಟಿ ಹುಟ್ಟಲಿಲ್ಲ. ಆದರೆ ಮಹಾರಾಷ್ಟ್ರದ ಅಹಮದ್‌ನಗರ, ಈಗಿನ ಅಹಿಲ್ಯಾನಗರ, ಜಿಲ್ಲೆಯ ಹಿವರೆ ಬಾಜಾರ ಎಂಬ ಹಳ್ಳಿಯು ತಾನೇ ನೀರುಗಂಟಿಯಾಗಿ ನಿಂತಿತು. ಕೋಲಾರಕ್ಕಿಂತಲೂ ಕಡಿಮೆ ಮಳೆಯ ಸೀಮೆಯದು. ಬರ ಬಂದಾಗ ಜನರು ಕೂಲಿಗಾಗಿ ಊರು ಬಿಡುತ್ತಿದ್ದರು. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರರ ಕಾಲದಿಂದ ಊರಿನವರು ಗುಡ್ಡಗಳ ಮೇಲೆ ಮಳೆನೀರು ನಿಲ್ಲುವಂತೆ ಒಡ್ಡು ಕಾಲುವೆಗಳನ್ನು ತೋಡಿದರು. ಆಮೇಲೆ ತಮ್ಮ ತಮ್ಮೊಳಗೆ ಕಟ್ಟಳೆಗಳನ್ನು ಮಾಡಿಕೊಂಡರು. ಬೇಸಾಯಕ್ಕೆ ಕೊಳವೆ ಬಾವಿ ಕೊರೆಯತಕ್ಕದ್ದಲ್ಲ. ತೆರೆದ ಬಾವಿಯಲ್ಲಿ ಬಂದಷ್ಟೇ ನೀರು. ನೀರನ್ನು ಹೀರುವ ಕಬ್ಬು ಬಾಳೆಗಳು ಬೇಡ. ಊರಿನ ಹೊಲವನ್ನು ಹೊರಗಿನವರಿಗೆ ಮಾರತಕ್ಕದ್ದ��್ಲ.

ಮಳೆಗಾಲ ಮುಗಿದ ಮೇಲೆ ಪ್ರತಿವರ್ಷವೂ ಆ ಊರಿನ ಗ್ರಾಮಸಭೆ ಕೂಡುತ್ತದೆ. ಎಷ್ಟು ಮಳೆಯಾಯಿತು, ಬಾವಿಗಳಲ್ಲಿ ನೀರು ಎಷ್ಟು ಕೈಗೆಟಕುತ್ತಿದೆ ಎಂದು ಅಳೆದು ಎಲ್ಲರ ಮುಂದೆ ಲೆಕ್ಕವಿಡುತ್ತಾರೆ. ಮೊದಲು ಜನರಿಗೂ ದನಕರುಗಳಿಗೂ ಕುಡಿಯುವುದಕ್ಕೆ ಬೇಕಾದ ನೀರನ್ನು ತೆಗೆದಿರಿಸುತ್ತಾರೆ. ಉಳಿದುದರಲ್ಲಿ ಹಿಂಗಾರಿಗೆ ಯಾವ ಬೆಳೆಯನ್ನು ಬಿತ್ತಬಹುದೆಂದು ಗೊತ್ತುಮಾಡುತ್ತಾರೆ. ಮಳೆ ಕಡಿಮೆಯಾದ ವರ್ಷ ಆ ಸಭೆಯಲ್ಲಿಯೇ ಬೆಳೆಯನ್ನು ಮೊಟಕುಮಾಡಿ, ಮನೆಗೆ ಹೋಗಿ ಅದರಂತೆ ಬಿತ್ತುತ್ತಾರೆ.